ಬಾಗಿಲಿಗೆ ಬರುವವರು ಯಾರು? ಬ್ಯಾನಿಯ ಕಾಲದ ಕಥೋಲಿಕ ಧರ್ಮಕೇಂದ್ರ ಮತ್ತು ನೆರೆಯ ಬದುಕು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಸಾಂಕ್ರಾಮಿಕ ರೋಗ ಬಂದಾಗ ಕಥೋಲಿಕ ಕ್ರೈಸ್ತರ ಧರ್ಮಕೇಂದ್ರ, ಅಂದರೆ ಒಂದು ಇಗರ್ಜಿ ಮತ್ತು ಅದಕ್ಕೆ ಸೇರಿದ ಮನೆಗಳ ಕೂಟ, ಹೇಗೆ ಕೆಲಸ ಮಾಡ್ತದೆ ಅನ್ನೋದು ಇವತ್ತಿನ ನನ್ನ ವಿಷಯ. ಸೊಲ್ಲಾಪುರ ಮತ್ತು ಅಕ್ಕಲಕೋಟೆ ನಡುವಿನ ಬೋರಾಮಣಿ ಕಡೆಯಿಂದ ಬಂದವರು ಈ ವಿಷಯ ಯಾಕೆ ಎತ್ತಿಕೊಂಡರು ಅಂತ ನಿಮಗೆ ಅನ್ನಿಸಬಹುದು. ನಮ್ಮ ಕಡೆ ಗುಡಿ, ಮಠ, ದರ್ಗಾ ಎದ್ದು ಕಾಣ್ತವೆ. ಕಥೋಲಿಕರ ಸಂಖ್ಯೆ ತೀರಾ ಸಣ್ಣದು. ಆದರೆ ಆಡಳಿತದ ನಕ್ಷೆಯಲ್ಲಿ ಸೊಲ್ಲಾಪುರ 1886ರಲ್ಲಿ ಸ್ಥಾಪನೆಯಾದ ಪುಣೆ ಧರ್ಮಪ್ರಾಂತ್ಯದ ಒಳಗಿದೆ. ಅಕ್ಕಲಕೋಟೆ ದಾಟಿ ಗಡಿಯಾಚೆ ಹೋದರೆ 2005ರಲ್ಲಿ ಹುಟ್ಟಿದ ಕಲಬುರಗಿ ಧರ್ಮಪ್ರಾಂತ್ಯ ಸಿಗ್ತದೆ. ಬೆಳಗಾವಿಗೆ ಬೇರೆ ಧರ್ಮಪ್ರಾಂತ್ಯ ಆದದ್ದು 1953ರಲ್ಲಿ. ಅದಕ್ಕೂ ಮೊದಲು ಕನ್ನಡ ಮಾತಾಡುವ ಉತ್ತರದ ಬಹುಭಾಗ ಪುಣೆಯ ಬಿಷಪರ ಕೈಕೆಳಗೇ ಇತ್ತು. ಹಾಗಾಗಿ ಇದು ನಮಗೆ ಪೂರ್ತಿ ಹೊರಗಿನ ವಿಷಯ ಅಲ್ಲ.

ನನ್ನ ವಾದ ಸರಳವಾಗಿದೆ. ಬ್ಯಾನಿ ಬಂದ ಮೇಲೆ ಹುಟ್ಟುವ ದಾನಧರ್ಮ ಯಾವಾಗಲೂ ತಡವಾಗಿ ಮುಟ್ಟುತ್ತದೆ. ಬ್ಯಾನಿ ಬರೋ ಮೊದಲೇ ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನೋದು ಯಾರಿಗಾದರೂ ಗೊತ್ತಿರಬೇಕು, ಬಾಗಿಲು ಬಡಿಯುವ ಹಕ್ಕು ಮತ್ತು ಹೊಣೆ ಎರಡೂ ಅವರಿಗೆ ಇರಬೇಕು. ಧರ್ಮಕೇಂದ್ರದ ಬಲ ಇರೋದು ಇಲ್ಲಿ. ಅದರ ಮಿತಿಯೂ ಇಲ್ಲೇ ಇದೆ. ಇದನ್ನು ಒಂದು ಮುಖ್ಯ ಉದಾಹರಣೆಯ ಮೂಲಕ, ಮಂಗಳೂರಿನ ಕಂಕನಾಡಿಯ ಮೂಲಕ, ವಿವರಿಸ್ತೇನೆ. ಅಲ್ಲಿಂದ ಹೆಣದ ಪ್ರಶ್ನೆಗೆ, ಕೋವಿಡ್ ಕಾಲಕ್ಕೆ, ಕೊನೆಗೆ ನಮ್ಮ ಗಡಿನಾಡಿಗೆ ಬರ್ತೇನೆ.

1. ಪದದ ಒಳಗೇ ಇರುವ ನೆರೆಮನೆ

ಸಾಹಿತ್ಯದ ವಿದ್ಯಾರ್ಥಿಯಾಗಿ ಮೊದಲು ಪದಗಳನ್ನೇ ನೋಡೋಣ. ಕನ್ನಡದಲ್ಲಿ ಈಗ ‘ಧರ್ಮಕೇಂದ್ರ’ ಅಂತ ಬರೀತಾರೆ. ಕರಾವಳಿಯ ಕೊಂಕಣಿ ಕಥೋಲಿಕರು ‘ಫಿರ್ಗಜ್’ ಅಂತಾರೆ. ಇದು ಪೋರ್ಚುಗೀಸಿನ ‘ಫ್ರೆಗೆಜಿಯಾ’ದಿಂದ ಬಂದದ್ದು. ‘ಇಗರ್ಜಿ’, ‘ಪಾದ್ರಿ’ ಕೂಡ ಅದೇ ಹಡಗಿನಲ್ಲಿ ಬಂದ ಪದಗಳು. ಇಂಗ್ಲಿಷಿನ ‘ಪ್ಯಾರಿಶ್’ ಪದದ ಮೂಲ ಗ್ರೀಕಿನ ‘ಪಾರೊಯಿಕಿಯಾ’. ಅದರಲ್ಲಿ ‘ಪಕ್ಕದಲ್ಲಿ ವಾಸಿಸುವುದು’ ಅನ್ನೋ ಅರ್ಥ ಇದೆ. ಅಂದರೆ ಪದದ ಒಳಗೆ ಮೊದಲು ಇರೋದು ಕಟ್ಟಡ ಅಲ್ಲ, ನೆರೆಮನೆ. ನಮ್ಮ ‘ಒಕ್ಕಲು’ ಪದ ನೆನಪಿಸಿಕೊಳ್ಳಿ. ಊರು ಎಷ್ಟು ದೊಡ್ಡದು ಅಂತ ಕೇಳಿದರೆ ನಮ್ಮ ಹಿರಿಯರು ‘ಇಷ್ಟು ಒಕ್ಕಲು’ ಅಂತ ಮನೆಗಳ ಲೆಕ್ಕ ಹೇಳ್ತಿದ್ದರು. ಧರ್ಮಕೇಂದ್ರದ ಲೆಕ್ಕವೂ ಹಾಗೇ.

ನಾ. ಡಿಸೋಜ ಅವರ ಒಂದು ಕಾದಂಬರಿಯ ಹೆಸರೇ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’. ಹೆಸರಿನಲ್ಲಿ ಒಂದು ಸಂಖ್ಯೆ ಇದೆ ನೋಡಿ. ಇಗರ್ಜಿಯ ಸುತ್ತಲಿನ ಮನೆಗಳನ್ನು ಎಣಿಸಬಹುದು. ಎಣಿಸಬಹುದಾದ್ದರಿಂದ ಯಾರು ಬಂದಿಲ್ಲ ಅನ್ನೋದೂ ಗೊತ್ತಾಗ್ತದೆ. ಭಾನುವಾರದ ಪೂಜೆಗೆ ಒಂದು ಮನೆಯವರು ಎರಡು ವಾರ ಬರದಿದ್ದರೆ ಮೂರನೇ ವಾರ ಯಾರಾದರೂ ವಿಚಾರಿಸ್ತಾರೆ. ನಮ್ಮ ಕಾಲದ ಭಾಷೆಯಲ್ಲಿ ಹೇಳೋದಾದರೆ ಇದೂ ಒಂದು ರೋಗ ನಿಗಾ ವ್ಯವಸ್ಥೆ.

ಮಂಗಳೂರಿನ ಧರ್ಮಕೇಂದ್ರಗಳಲ್ಲಿ ಮನೆಗಳನ್ನು ‘ವಾಡೊ’ಗಳಾಗಿ, ಅಂದರೆ ವಾರ್ಡುಗಳಾಗಿ, ವಿಂಗಡಿಸಿರ್ತಾರೆ. ಪ್ರತಿ ವಾಡೊಗೆ ಒಬ್ಬ ‘ಗುರ್ಕಾರ್’ ಇರ್ತಾರೆ. ಇದು ಕನ್ನಡ ನಿಘಂಟಿನಲ್ಲಿರುವ ‘ಗುರಿಕಾರ’ ಪದವೇ. ಮುಖಂಡ, ಮುಂದಾಳು ಅನ್ನೋ ಅರ್ಥದಲ್ಲಿ ತುಳುನಾಡಿನ ಬೇರೆ ಸಮುದಾಯಗಳೂ ಇದನ್ನು ಬಳಸ್ತವೆ. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಅಂತ್ಯಲೇಪನಕ್ಕೆ ಪಾದ್ರಿಯನ್ನು ಕರೆಸಬೇಕು, ಸಾವಾದರೆ ಸುದ್ದಿ ಹೇಗೆ ಮುಟ್ಟಿಸಬೇಕು ಅನ್ನೋದೆಲ್ಲ ಗುರ್ಕಾರರ ಕಿವಿಗೆ ಮೊದಲು ಬೀಳ್ತದೆ. ರೋಮಿನ ಆಡಳಿತ ಚೌಕಟ್ಟಿಗೆ ಕನ್ನಡದ ಒಂದು ಹಳೆಯ ಊರುಗೆಲಸ ಬಂದು ಕೂಡಿಕೊಂಡಿದೆ.

2. ಪಟ್ಟಿ ಅನ್ನೋದು ಸಣ್ಣ ವಿಷಯ ಅಲ್ಲ

ಈ ಮನೆಲೆಕ್ಕಕ್ಕೆ ಒಂದು ಚರಿತ್ರೆ ಇದೆ. 1563ರಲ್ಲಿ ಟ್ರೆಂಟ್ ಮಹಾಸಭೆ ಜ್ಞಾನಸ್ನಾನ ಮತ್ತು ಮದುವೆಗಳ ದಾಖಲೆ ಪುಸ್ತಕ ಇಡಬೇಕು ಅಂತ ಪಾದ್ರಿಗಳಿಗೆ ವಿಧಿಸಿತು. 1614ರ ರೋಮನ್ ವಿಧಿಗ್ರಂಥ ಮರಣದ ದಾಖಲೆಯನ್ನೂ ‘ಸ್ತಾತುಸ್ ಅನಿಮಾರುಮ್’ ಅನ್ನೋ ಪುಸ್ತಕವನ್ನೂ ಸೇರಿಸಿತು. ಆ ಲ್ಯಾಟಿನ್ ಹೆಸರಿನ ಅರ್ಥ ‘ಆತ್ಮಗಳ ಸ್ಥಿತಿಗತಿ’. ಕೆಲಸ ಮಾತ್ರ ತೀರಾ ಲೌಕಿಕದ್ದು. ಪಾದ್ರಿ ಮನೆ ಮನೆಗೆ ಹೋಗಿ ಅಲ್ಲಿ ಯಾರಿದ್ದಾರೆ ಅಂತ ಬರೆದುಕೊಳ್ಳಬೇಕು.

ಇದನ್ನು ಬ್ಯಾನಿಯ ಕಾಲಕ್ಕೆ ತಂದು ನೋಡಿ. ಹಾಸಿಗೆ ಹಿಡಿದವರು ಯಾರು, ಒಂಟಿ ಮುದುಕರು ಯಾರು, ದುಡಿಯುವ ಕೈ ಯಾವ ಮನೆಯಲ್ಲಿ ಇಲ್ಲ ಅನ್ನೋದು ಮೊದಲೇ ಗೊತ್ತಿದ್ದರೆ ಗಂಜಿ ಯಾವ ಬಾಗಿಲಿಗೆ ಮೊದಲು ಹೋಗಬೇಕು ಅನ್ನೋದನ್ನ ಯಾರೂ ಕೂತು ಚರ್ಚೆ ಮಾಡಬೇಕಾಗಿಲ್ಲ.

ಇದಕ್ಕೆ ಜೊತೆಯಾಗಿ ಬಂದದ್ದು ಸಂತ ವಿನ್ಸೆಂಟ್ ದೆ ಪೌಲ್ ಸಭೆ. 1832ರಲ್ಲಿ ಪ್ಯಾರಿಸ್ಸಿಗೆ ಕಾಲರಾ ಬಂತು. ಮರುವರ್ಷ, 1833ರಲ್ಲಿ, ಫ್ರೆಡರಿಕ್ ಒಜಾನಾಮ್ ಅನ್ನೋ ವಿದ್ಯಾರ್ಥಿ ತನ್ನ ಗೆಳೆಯರ ಜೊತೆ ಈ ಸಭೆ ಕಟ್ಟಿದ. ಆಗ ಅವನ ವಯಸ್ಸು ಇಪ್ಪತ್ತು, ಇಲ್ಲಿ ಕೂತಿರುವ ನಮಗಿಂತ ಚಿಕ್ಕವನು. ಅದರ ಮೂಲ ಪದ್ಧತಿ ಮನೆಭೇಟಿ. ಬಡವರು ಇಗರ್ಜಿಯ ಬಾಗಿಲಿಗೆ ಬಂದು ಕೈಚಾಚಬೇಕಾಗಿಲ್ಲ, ಸದಸ್ಯರೇ ಅವರ ಮನೆಗೆ ಹೋಗಬೇಕು. ಇವತ್ತು ಕರ್ನಾಟಕದ ಎಷ್ಟೋ ಧರ್ಮಕೇಂದ್ರಗಳಲ್ಲಿ ಈ ಸಭೆಯ ಘಟಕಗಳಿವೆ. ಅಕ್ಕಿ, ಶಾಲೆಯ ಫೀಸು, ಔಷಧಿಯ ಖರ್ಚು ಇಂಥ ಸಣ್ಣ ಸಣ್ಣ ಕೆಲಸ ಮಾಡ್ತಾ ಸದ್ದಿಲ್ಲದೆ ಇರ್ತವೆ.

3. ಪ್ಲೇಗು ಬಂದಾಗ: ಬಾಗಿಲು ಒಡೆಯುವುದು ಒಂದು, ಬಡಿಯುವುದು ಒಂದು

1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡ್ವಿ ಭಾಗದಲ್ಲಿ ಪ್ಲೇಗನ್ನು ಮೊದಲು ಗುರುತಿಸಿದವರು ಗೋವಾ ಮೂಲದ ಕಥೋಲಿಕ ವೈದ್ಯ ಡಾ. ಅಕಾಸಿಯೊ ಗೇಬ್ರಿಯಲ್ ವಿಯೆಗಾಸ್. ಅಲ್ಲಿಂದ ರೈಲಿನ ಜೊತೆಗೇ ರೋಗ ಹಬ್ಬಿತು. ಪುಣೆ, ಧಾರವಾಡ, ಹುಬ್ಬಳ್ಳಿ ಆಯಿತು, 1898ರ ಆಗಸ್ಟಿಗೆ ಬೆಂಗಳೂರನ್ನೂ ಮುಟ್ಟಿತು. ಮರಾಠಿಯಲ್ಲಿ ಇದಕ್ಕೆ ‘ಗ್ರಂಥಿಕ ಸನ್ನಿಪಾತ’ ಅನ್ನೋ ಪಂಡಿತರ ಹೆಸರಿತ್ತು. ಜನರ ಬಾಯಲ್ಲಿ ಅದು ಪ್ಲೇಗು, ಇಲ್ಲವೇ ಬರೀ ‘ಬ್ಯಾನಿ’.

ಸರ್ಕಾರ 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಪುಣೆಯಲ್ಲಿ ವಾಲ್ಟರ್ ರ‍್ಯಾಂಡ್ ಅನ್ನೋ ಅಧಿಕಾರಿಯ ಕೈಕೆಳಗೆ ಸೈನಿಕರು ಮನೆಗಳಿಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಹೆಂಗಸರ ಮೈ ಪರೀಕ್ಷೆ, ದೇವರಮನೆಗೆ ಬೂಟುಗಾಲು, ಸಾಮಾನು ಸುಡೋದು ಎಲ್ಲ ನಡೆದು ಜನ ಕೆರಳಿದರು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ಮುಂಬೈಯಲ್ಲಿ 1896ರ ಅಕ್ಟೋಬರಿನಲ್ಲೇ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿದ್ದರು. ಅವರ ಪಾಲಿಗೆ ಆಸ್ಪತ್ರೆ ಅಂದರೆ ಹೋದವರು ವಾಪಸ್ ಬರದ ಜಾಗ.

ಇದೇ ಪುಣೆಯಲ್ಲಿ, ಇದೇ ಪ್ಲೇಗಿನಲ್ಲಿ, ಸಾವಿತ್ರಿಬಾಯಿ ಫುಲೆ ಮಗ ಯಶವಂತನ ಚಿಕಿತ್ಸಾಲಯಕ್ಕೆ ರೋಗಿಗಳನ್ನು ಕರೆತರುತ್ತಿದ್ದರು. ಸೋಂಕು ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ಹಾಗಾಗಿ ಬಾಗಿಲಿಗೆ ಹೋಗುವ ಕೆಲಸ ಇಗರ್ಜಿಯೊಂದರದೇ ಆಗಿತ್ತು ಅಂತ ನಾನು ಹೇಳ್ತಿಲ್ಲ. ಬಾಗಿಲು ಒಡೆದು ಒಳಗೆ ಹೋಗೋದಕ್ಕೂ ಬಾಗಿಲು ಬಡಿದು ಒಳಗೆ ಹೋಗೋದಕ್ಕೂ ಇರುವ ವ್ಯತ್ಯಾಸದ ಕಡೆಗೆ ನಿಮ್ಮ ಗಮನ ಸೆಳೀತಿದ್ದೇನೆ.

4. ಕಂಕನಾಡಿ

ಈಗ ಮುಖ್ಯ ಉದಾಹರಣೆಗೆ ಬರೋಣ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಪಾದ್ರಿಗಳಲ್ಲಿ ಜರ್ಮನಿ ಮೂಲದ ಆಗಸ್ಟಸ್ ಮುಲ್ಲರ್ ಒಬ್ಬರು. ಅವರು ಹೋಮಿಯೋಪತಿ ಕಲಿತಿದ್ದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಶುರು ಮಾಡಿದರು. ಮೊದಲು ಒಂದು ಆಲದ ಮರದ ಕೆಳಗೆ ಔಷಧಿ ಕೊಡ್ತಿದ್ದರು ಅಂತ ಹೇಳ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಆಯಿತು. ಆಮೇಲೆ ಸಣ್ಣದೊಂದು ಆಸ್ಪತ್ರೆ ಬಂತು. ಪ್ಲೇಗು ಮಂಗಳೂರಿಗೆ ಬಂದಾಗ, 1902ರಲ್ಲಿ, ಪ್ಲೇಗು ರೋಗಿಗಳಿಗೇ ಪ್ರತ್ಯೇಕ ಆಸ್ಪತ್ರೆ ಕಟ್ಟಿದರು. 1910ರಲ್ಲಿ ಅವರು ತೀರಿಕೊಂಡರು. ಆ ಔಷಧಾಲಯ ಬೆಳೆದು ಇವತ್ತಿನ ಫಾದರ್ ಮುಲ್ಲರ್ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆಗಿದೆ.

ಇಸವಿಗಳ ಕ್ರಮವನ್ನು ಗಮನಿಸಿ. 1880, 1890, 1902. ಪ್ಲೇಗು ಬಂದಾಗ ಕಂಕನಾಡಿಗೆ ಇಪ್ಪತ್ತೆರಡು ವರ್ಷದ ನಂಬಿಕೆ ಇತ್ತು. ಗುಳಿಗೆ ತಗೊಂಡು ಹೋದ ತಾಯಂದಿರಿಗೆ ಆ ಜಾಗ ಪರಿಚಿತ. ಊರವರು ದೂರ ಇಟ್ಟ ಕುಷ್ಠರೋಗಿಗಳಿಗೆ ಅಲ್ಲಿ ಅನ್ನ ಸಿಗ್ತದೆ ಅನ್ನೋದು ಎಲ್ಲರಿಗೂ ತಿಳಿದಿತ್ತು. ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಕಲ್ಲು ಬಿದ್ದ ಕಾಲದಲ್ಲಿ ಜನ ತಾವಾಗೇ ನಡೆದು ಬರಬಹುದಾದ ಆಸ್ಪತ್ರೆಯೊಂದು ಇರೋದು ಸಾಮಾನ್ಯ ಸಂಗತಿ ಅಲ್ಲ. ಕಟ್ಟಡವನ್ನು 1902ರಲ್ಲಿ ಕಟ್ಟಿದರು, ವಿಶ್ವಾಸ ಕಟ್ಟೋ ಕೆಲಸ ಮಾತ್ರ 1880ರಲ್ಲೇ ಶುರುವಾಗಿತ್ತು.

ದುಡ್ಡಿನ ವಿಷಯವೂ ಸ್ವಾರಸ್ಯವಾಗಿದೆ. ಬರೀ ಕಾಣಿಕೆಯಿಂದ ಇದು ನಡೀಲಿಲ್ಲ. ಮುಲ್ಲರ್ ಔಷಧಿಗಳನ್ನು ತಯಾರಿಸಿ ಅಂಚೆಯ ಮೂಲಕ ದೇಶದ ಬೇರೆ ಬೇರೆ ಕಡೆಗೆ ಮಾರ್ತಿದ್ದರು. ಆ ಆದಾಯದಿಂದ ಬಡ ರೋಗಿಗಳ ಊಟ, ಹಾಸಿಗೆ ನಡೀತಿತ್ತು. ಸೇವೆ ಅನ್ನೋದನ್ನ ನಾವು ಭಾವನೆಯಾಗಿ ಮಾತ್ರ ನೋಡ್ತೇವೆ. ಅದಕ್ಕೆ ಲೆಕ್ಕದ ಪುಸ್ತಕ, ಅಂಚೆ ಚೀಟಿ, ಗೋದಾಮು ಕೂಡ ಬೇಕಾಗ್ತವೆ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಪ್ಲೇಗಿಗೆ ಆಗ ಯಾರ ಹತ್ತಿರವೂ ನಿಜವಾದ ಔಷಧಿ ಇರಲಿಲ್ಲ. ಇಲಿಯ ಚಿಗಟದಿಂದ ರೋಗ ಹರಡ್ತದೆ ಅಂತ ಪಾಲ್ ಲೂಯಿ ಸಿಮೊಂದ್ 1898ರಲ್ಲಿ ತೋರಿಸಿದರೂ ಅದನ್ನು ಎಲ್ಲರೂ ಒಪ್ಪೋದಕ್ಕೆ ವರ್ಷಗಳು ಹಿಡಿದವು. ಮುಂಬೈಯಲ್ಲಿ ಹಾಫ್‌ಕಿನ್ ತಯಾರಿಸಿದ ಲಸಿಕೆ ಸ್ವಲ್ಪ ರಕ್ಷಣೆ ಕೊಡ್ತಿತ್ತು, ಅಷ್ಟೇ. ಗುಣಪಡಿಸುವ ಔಷಧಿ, ಸ್ಟ್ರೆಪ್ಟೊಮೈಸಿನ್‌ನಂಥದ್ದು, ಬಂದದ್ದು 1940ರ ದಶಕದಲ್ಲಿ. ಆದ್ದರಿಂದ ಹೋಮಿಯೋಪತಿ ಗುಳಿಗೆಯಿಂದ ಪ್ಲೇಗು ವಾಸಿಯಾಯಿತು ಅನ್ನೋ ಭಕ್ತಿಯ ಮಾತನ್ನು ನಾನು ಒಪ್ಪೋದಿಲ್ಲ. ಇಲಿ ಬಿದ್ದ ಮನೆಯಿಂದ ಹೊರಗೆ ಒಂದು ಸ್ವಚ್ಛ ಹಾಸಿಗೆ, ಬಾಯಿಗೆ ನೀರು, ಗಂಜಿ, ಮೈ ಒರೆಸುವ ಕೈ, ಸತ್ತರೆ ಒಂದು ಮರ್ಯಾದೆಯ ಮಣ್ಣು ಅಲ್ಲಿ ಸಿಗ್ತಿತ್ತು. ಔಷಧಿ ಇಲ್ಲದ ಕಾಲದಲ್ಲಿ ಆರೈಕೆಯೇ ಚಿಕಿತ್ಸೆ. ಕೋವಿಡ್‌ನ ಮೊದಲ ತಿಂಗಳುಗಳಲ್ಲಿ ನಮಗೂ ಇದ್ದದ್ದು ಬಹುತೇಕ ಇಷ್ಟೇ ಅಲ್ಲವೇ?

5. ಪೂಜೆ ಬೀದಿಗೆ ಬಂದದ್ದು

ಧರ್ಮಕೇಂದ್ರಕ್ಕೆ ಸಾಂಕ್ರಾಮಿಕ ಒಡ್ಡುವ ಮೊದಲ ಸವಾಲು ವಿಚಿತ್ರವಾದದ್ದು. ಜನ ಕೂಡೋದೇ ಅದರ ಜೀವ, ರೋಗದ ಕಾಲದಲ್ಲಿ ಜನ ಕೂಡಬಾರದು. ಹಾಗಾದರೆ ಏನು ಮಾಡೋದು?

1576ರಲ್ಲಿ ಇಟಲಿಯ ಮಿಲಾನ್‌ಗೆ ಪ್ಲೇಗು ಬಂದಾಗ ಆರ್ಚ್‌ಬಿಷಪ್ ಚಾರ್ಲ್ಸ್ ಬೊರ್ರೊಮೆಯೊ ಊರು ಬಿಟ್ಟು ಹೋಗಲಿಲ್ಲ. ಬೀದಿಗಳ ಕೂಡಿನಲ್ಲಿ ಪೂಜಾಪೀಠಗಳನ್ನು ಹಾಕಿಸಿದರು. ಮನೆಯೊಳಗೆ ದಿಗ್ಬಂಧನದಲ್ಲಿದ್ದವರು ಕಿಟಕಿಯಿಂದಲೇ ಪೂಜೆ ನೋಡಿದರು. ಮುಂಬೈಯ ಬಾಂದ್ರಾ, ಮಝಗಾಂವ್ ಕಡೆಯ ಹಳೆಯ ಕ್ರೈಸ್ತ ಕೇರಿಗಳಲ್ಲಿ ಇವತ್ತಿಗೂ ದಾರಿಬದಿಯ ಶಿಲುಬೆಗಳು ಕಾಣ್ತವೆ. ಅವುಗಳಲ್ಲಿ ಹಲವು 1896ರ ಪ್ಲೇಗಿನ ಕಾಲದವು. ಕೇರಿಯವರು ಅವುಗಳ ಮುಂದೆ ಬಯಲಲ್ಲಿ ನಿಂತು ಜಪಸರ ಹೇಳ್ತಿದ್ದರು. ಪ್ಲೇಗಿನಿಂದ ಕಾಯುವವರು ಅಂತ ನಂಬಿದ ಸಂತ ಸೆಬಾಸ್ಟಿಯನ್, ಸಂತ ರೋಕ್ ಇವರಿಗೂ ಹರಕೆ ಹೊತ್ತರು. ಅದೇ ಕಾಲಕ್ಕೆ ನಮ್ಮ ಜನ ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಎರಡರಲ್ಲೂ ಭಯಕ್ಕೆ ಒಂದು ಮುಖ ಕೊಟ್ಟು ಅದರ ಜೊತೆ ಮಾತಾಡುವ ಪ್ರಯತ್ನ ಇದೆ.

2020ರಲ್ಲಿ ಈಸ್ಟರ್ ಏಪ್ರಿಲ್ 12ಕ್ಕೆ ಬಿತ್ತು. ಆಗ ದೇಶವೇ ಮುಚ್ಚಿತ್ತು. ಧರ್ಮಕೇಂದ್ರಗಳು ಯೂಟ್ಯೂಬಿನಲ್ಲಿ ಪೂಜೆ ಬಿತ್ತರಿಸಿದವು. ಅದಕ್ಕೂ ಮೊದಲು ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಖಾಲಿ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಇಟ್ಟಿದ್ದ ಶಿಲುಬೆ 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆ ಹೋದದ್ದು. ಮಿಲಾನಿನ ಕಿಟಕಿ, ಬಾಂದ್ರಾದ ಶಿಲುಬೆ, ಮೊಬೈಲಿನ ಪರದೆ ಮೂರೂ ಮಾಡಿದ ಕೆಲಸ ಒಂದೇ. ಆದರೆ ಮೊಬೈಲಿನ ಪರದೆ ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿತು. ಕಿಟಕಿಯಲ್ಲಿ ನಿಂತವರಿಗೆ ಎದುರುಮನೆಯ ಕಿಟಕಿ ಕಾಣ್ತಿತ್ತು. ಆ ಮನೆಯಲ್ಲಿ ಇವತ್ತು ಯಾರೂ ಕಿಟಕಿಗೆ ಬಂದಿಲ್ಲ ಅನ್ನೋದೂ ಕಾಣ್ತಿತ್ತು.

6. ಹೆಣ ಯಾರದು?

ಕನ್ನಡ ಸಾಹಿತ್ಯ ಓದಿದವರಿಗೆ ಪ್ಲೇಗು ಅಂದ ಕೂಡಲೇ ನೆನಪಾಗೋದು 1965ರಲ್ಲಿ ಬಂದ ಯು. ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಜ್ವರದಿಂದ ಸಾಯ್ತಾನೆ. ಅವನ ಹೆಣಕ್ಕೆ ಯಾರು ಸಂಸ್ಕಾರ ಮಾಡಬೇಕು ಅನ್ನೋ ಪ್ರಶ್ನೆ ಎದ್ದು ಇಡೀ ಅಗ್ರಹಾರ ಸಿಕ್ಕಿಹಾಕಿಕೊಳ್ತದೆ. ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕ್ತಾರೆ. ಅತ್ತ ಇಲಿಗಳು ಬೀಳ್ತಾ ಇರ್ತವೆ. ಕೊನೆಗೆ ಹೆಣ ಸುಡಲು ಚಂದ್ರಿಗೆ ನೆರವಾಗೋದು ಅಗ್ರಹಾರದ ಹೊರಗಿನ, ಮೀನು ವ್ಯಾಪಾರದ ಅಹಮದ್ ಬ್ಯಾರಿ.

ಈ ಕಾದಂಬರಿಯನ್ನು ನಾವು ಬ್ರಾಹ್ಮಣ್ಯದ ವಿಮರ್ಶೆಯಾಗಿ, ಅಸ್ತಿತ್ವವಾದಿ ಕೃತಿಯಾಗಿ ಓದಿದ್ದೇವೆ. ಸಾರ್ವಜನಿಕ ಆರೋಗ್ಯದ ಕತೆಯಾಗಿಯೂ ಓದಬಹುದು. ಅಲ್ಲಿ ನಿಯಮ ಜನರನ್ನು ಹೆಣದಿಂದ ದೂರ ಇಡ್ತದೆ. ಕಥೋಲಿಕ ಸಂಪ್ರದಾಯದಲ್ಲಿ ಸತ್ತವರನ್ನು ಹೂಳುವುದು ಏಳು ದಯಾಕಾರ್ಯಗಳಲ್ಲಿ ಒಂದು. ಹಸಿದವರಿಗೆ ಊಟ, ರೋಗಿಗಳ ಭೇಟಿ ಇವುಗಳ ಸಾಲಿನಲ್ಲೇ ಅದೂ ಬರ್ತದೆ. ಇಲ್ಲಿ ನಿಯಮವೇ ಜನರನ್ನು ಹೆಣದ ಹತ್ತಿರ ಕಳಿಸ್ತದೆ. ಒಂದು ಧರ್ಮ ಒಳ್ಳೇದು ಇನ್ನೊಂದು ಕೆಟ್ಟದ್ದು ಅನ್ನೋ ಹೋಲಿಕೆ ಇದಲ್ಲ. ಕರ್ತವ್ಯಗಳ ಪಟ್ಟಿಯಲ್ಲಿ ಹೆಣಕ್ಕೆ ಮೊದಲೇ ಜಾಗ ಇದ್ದರೆ ಬ್ಯಾನಿಯ ದಿನ ಹೊಸದಾಗಿ ತೀರ್ಮಾನ ಮಾಡೋ ಕಷ್ಟ ಕಡಿಮೆ.

2020ರಲ್ಲಿ ‘ಸಂಸ್ಕಾರ’ದ ಪ್ರಶ್ನೆ ಮತ್ತೆ ಎದುರಿಗೆ ಬಂತು. ಏಪ್ರಿಲಿನಲ್ಲಿ ಮಂಗಳೂರಿನ ಪಚ್ಚನಾಡಿಯಲ್ಲಿ ಕೋವಿಡ್‌ನಿಂದ ತೀರಿಕೊಂಡ ಒಬ್ಬ ಮಹಿಳೆಯ ಶವ ಸುಡಲು ಸ್ಥಳೀಯರು ವಿರೋಧಿಸಿದರು. ಅದೇ ತಿಂಗಳು ಚೆನ್ನೈಯಲ್ಲಿ ಒಬ್ಬ ಕ್ರೈಸ್ತ ವೈದ್ಯರ ಹೆಣ ಹೂಳಲು ಹೋದವರ ಮೇಲೆ ಗುಂಪು ದಾಳಿ ಮಾಡಿತು. ಜೂನ್ ಕೊನೆಗೆ ಬಳ್ಳಾರಿಯಲ್ಲಿ ಹೆಣಗಳನ್ನು ಗುಂಡಿಗೆ ಎಸೆಯುವ ವಿಡಿಯೊ ಹರಿದಾಡಿ ಜಿಲ್ಲಾಡಳಿತ ಕ್ಷಮೆ ಕೇಳಬೇಕಾಯಿತು. ಆ ಹೊತ್ತಿನಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯದ ‘ಹಿಯರ್ ಐ ಆಮ್’ ಅನ್ನೋ ಸ್ವಯಂಸೇವಕರ ತಂಡ ಕೋವಿಡ್ ಹೆಣಗಳನ್ನು ಹೂಳುವ ಕೆಲಸಕ್ಕೆ ಇಳಿಯಿತು. ‘ಇಗೋ, ನಾನಿದ್ದೇನೆ’ ಅಂತ ಆ ಹೆಸರಿನ ಅರ್ಥ. ಅದೇ ನಗರದಲ್ಲಿ ಮುಸ್ಲಿಂ ಸಂಘಟನೆಗಳ ಮುಂದಾಳತ್ವದ ‘ಮರ್ಸಿ ಮಿಷನ್’ ಒಕ್ಕೂಟದವರು ಎಲ್ಲ ಧರ್ಮದವರ ಅಂತ್ಯಕ್ರಿಯೆಗೂ ನೆರವಾದರು. ಅಹಮದ್ ಬ್ಯಾರಿ ಕಾದಂಬರಿಯಿಂದ ಎದ್ದು ಬಂದ ಹಾಗೆ ಇತ್ತು.

7. ಮಿತಿಗಳು

ಇಷ್ಟು ಹೇಳಿ ನಿಲ್ಲಿಸಿದರೆ ಇದು ಪ್ರಶಸ್ತಿಪತ್ರ ಆಗ್ತದೆ. ಹಾಗಾಗಿ ಮೂರು ಮಿತಿಗಳನ್ನು ಹೇಳ್ತೇನೆ.

ಮೊದಲನೆಯದು, ಪಟ್ಟಿಯಲ್ಲಿ ಇಲ್ಲದವರು. ಧರ್ಮಕೇಂದ್ರದ ಪುಸ್ತಕದಲ್ಲಿ ಅದರ ಸದಸ್ಯರ ಹೆಸರಷ್ಟೇ ಇರ್ತದೆ. ಪಕ್ಕದ ಬಾಡಿಗೆ ಮನೆಯ ವಲಸೆ ಕೂಲಿಯವರ ಹೆಸರು ಇರೋದಿಲ್ಲ. ಕಂಕನಾಡಿ ಮುಖ್ಯ ಅನ್ನಿಸೋದು ಇದಕ್ಕೇ. ಅಲ್ಲಿ ಔಷಧಿಗೆ, ಹಾಸಿಗೆಗೆ ಪಟ್ಟಿ ಮುಖ್ಯ ಆಗಲಿಲ್ಲ, ರೋಗ ಮುಖ್ಯ ಆಯಿತು. ಪಟ್ಟಿಯಿಂದ ಶುರು ಮಾಡಿ ಪಟ್ಟಿಯಾಚೆ ಹೋಗೋದು ಎಲ್ಲ ಧರ್ಮಕೇಂದ್ರಗಳಿಗೂ ಸಾಧ್ಯ ಆಗಿಲ್ಲ.

ಎರಡನೆಯದು ಜಾತಿ. ತಮಿಳುನಾಡಿನ ತಿರುಚಿರಾಪಳ್ಳಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತ ಕಥೋಲಿಕರ ಸಮಾಧಿಗಳನ್ನು ಬೇರೆ ಮಾಡುವ ಗೋಡೆ ಬಹಳ ವರ್ಷಗಳಿಂದ ವಿವಾದದಲ್ಲಿದೆ. ಭಾರತದ ಕಥೋಲಿಕ ಬಿಷಪರ ಮಂಡಳಿ 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಚರ್ಚಿನೊಳಗೆ ಅಸ್ಪೃಶ್ಯತೆ ಇರುವುದನ್ನು ತಾನೇ ಒಪ್ಪಿಕೊಂಡಿದೆ. ಹೂಳುವುದು ದಯಾಕಾರ್ಯ ಸರಿ, ಎಲ್ಲಿ ಹೂಳುವುದು ಅನ್ನೋ ಪ್ರಶ್ನೆಯಲ್ಲಿ ಅಗ್ರಹಾರ ಇಲ್ಲೂ ಎದ್ದು ನಿಲ್ತದೆ.

ಮೂರನೆಯದು ಅನುಮಾನ. ಆರೈಕೆಯ ಹಿಂದೆ ಮತಾಂತರದ ಉದ್ದೇಶ ಇದೆ ಅನ್ನೋ ಮಾತು ಮಿಷನ್ ಆಸ್ಪತ್ರೆಗಳ ಜೊತೆಗೇ ನಡೆದು ಬಂದಿದೆ. ಇದಕ್ಕೆ ಒಂದೇ ಉತ್ತರ ಎಲ್ಲ ಕಾಲಕ್ಕೂ ಇಲ್ಲ. ಆದರೆ ಬಾಯಾರಿದ ರೋಗಿಯ ಕಡೆಯಿಂದ ನೋಡಿದರೆ ನೀರು ಕೊಟ್ಟವರ ಮನಸ್ಸು ಓದೋದು ಎರಡನೇ ಕೆಲಸ. ಮೊದಲು ನೀರು ಬಂತೋ ಇಲ್ಲವೋ ಅನ್ನೋ ಪ್ರಶ್ನೆಯನ್ನ ನಾವು ಎಲ್ಲ ಸಂಸ್ಥೆಗಳಿಗೂ, ನಮ್ಮ ಮಠ ಮಸೀದಿಗಳಿಗೂ, ಸರ್ಕಾರಕ್ಕೂ ಕೇಳಬೇಕು.

8. ನಮ್ಮ ಗಡಿಯಲ್ಲಿ ಪಟ್ಟಿ ಯಾರ ಹತ್ತಿರ ಇದೆ?

ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್ 10ರಂದು ಕಲಬುರಗಿಯಲ್ಲಿ ಆಯಿತು. ಅಕ್ಕಲಕೋಟೆಯವರಿಗೆ ಕಲಬುರಗಿ ಅಂದರೆ ಸಂತೆ, ದವಾಖಾನೆ, ಬೀಗರ ಊರು. ಸ್ವಲ್ಪ ದಿನದಲ್ಲೇ ರಾಜ್ಯದ ಗಡಿ ಮುಚ್ಚಿತು. ನಿಯಮಗಳೂ ಬೇರೆ ಬೇರೆಯಾದವು. ಜೂನ್ 8ರಿಂದ ಪ್ರಾರ್ಥನಾ ಸ್ಥಳಗಳನ್ನು ತೆರೆಯಬಹುದು ಅಂತ ಕೇಂದ್ರ ಹೇಳಿತು, ಕರ್ನಾಟಕ ತೆರೆಯಿತು. ಮಹಾರಾಷ್ಟ್ರದಲ್ಲಿ ನವೆಂಬರ್ 16ರವರೆಗೂ ಗುಡಿ, ಮಸೀದಿ, ಇಗರ್ಜಿ ಎಲ್ಲ ಮುಚ್ಚಿದ್ದವು. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಗುಡಿಗೂ ಅದೇ ಆದೇಶ. ಗೆರೆಯ ಆ ಕಡೆ ಗಂಟೆ ಬಾರಿಸ್ತದೆ, ಈ ಕಡೆ ಇಲ್ಲ. ಇನ್ನೊಂದು ವಿಷಯ ಭಾಷೆ. ಈ ಕಡೆ ಸರ್ಕಾರದ ಭಾಷೆ ಮರಾಠಿ. ಮನೆಯಲ್ಲಿ ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಸೋಂಕಿನ ನಿಯಮವನ್ನು ಅವರ ಮಾತಿನಲ್ಲಿ ಹೇಳೋರು ಯಾರು? ಆರೈಕೆಗೆ ರೋಗಿಯ ಭಾಷೆಯೂ ಬೇಕು.

ನಮ್ಮ ಕಡೆ ಧರ್ಮಕೇಂದ್ರದ ಜಾಲ ಇಲ್ಲ. ದಾಸೋಹದ ದೊಡ್ಡ ಸಂಪ್ರದಾಯ ಇದೆ. ಆದರೆ ದಾಸೋಹದಲ್ಲಿ ಹಸಿದವರು ಪಂಕ್ತಿಗೆ ಬರಬೇಕು. ಮಲಗಿದವರು ಹೇಗೆ 
ಬರ್ತಾರೆ? ಮನೆ ಮನೆಯ ಪಟ್ಟಿ ಈಗ ನಿಜವಾಗಿ ಇರೋದು ಆಶಾ ಕಾರ್ಯಕರ್ತೆಯ ಕೈಯಲ್ಲಿ. 2005ರಲ್ಲಿ ಶುರುವಾದ ಈ ಯೋಜನೆಯಲ್ಲಿ ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ. ಗರ್ಭಿಣಿ ಯಾರು, ಕ್ಷಯದ ಗುಳಿಗೆ ಯಾರಿಗೆ, ಪುಣೆ ಮುಂಬೈಯಿಂದ ವಾಪಸ್ ಬಂದವರು ಯಾರು, ಎಲ್ಲ ಅವರ ನೋಟ್‌ಬುಕ್ಕಿನಲ್ಲಿ. ನಮ್ಮ ಕಾಲದ ಗುರ್ಕಾರ್ ಅವರೇ. ಆದರೆ 2020ರ ಜುಲೈನಲ್ಲಿ ಕರ್ನಾಟಕದ ಆಶಾಗಳು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಮುಷ್ಕರ ಮಾಡಬೇಕಾಯಿತು. 2021ರ ಜೂನಿನಲ್ಲಿ ಮಹಾರಾಷ್ಟ್ರದ ಆಶಾಗಳೂ ಮುಷ್ಕರಕ್ಕೆ ಇಳಿದರು. ಬಾಗಿಲಿಗೆ ಬರುವವರ ಸ್ವಂತ ಮನೆಯ ಒಲೆ ಉರೀತದೋ ಇಲ್ಲವೋ ಅಂತ ನಾವು ಕೇಳಲಿಲ್ಲ. ಮುಲ್ಲರ್ ಅವರ ಅಂಚೆ ಔಷಧಿ ವ್ಯಾಪಾರದ ಪಾಠ ಇದೇ ಆಗಿತ್ತು. ಕರುಣೆಗೆ ಸಂಬಳದ ಏರ್ಪಾಡೂ ಬೇಕು.

ಒಟ್ಟು ಹೇಳೋದಾದರೆ, ಧರ್ಮಕೇಂದ್ರದಿಂದ ನಾವು ಕಲಿಯಬಹುದಾದ್ದು ಅದರ ಧರ್ಮವನ್ನಲ್ಲ, ಅದರ ಏರ್ಪಾಡನ್ನು. ಮನೆಗಳ ಲೆಕ್ಕ, ಬಾಗಿಲಿಗೆ ಹೋಗುವ ಹೊಣೆ ಹೊತ್ತ ಒಬ್ಬ ಪರಿಚಿತ ವ್ಯಕ್ತಿ, ಹೆಣಕ್ಕೂ ಜಾಗ ಇರುವ ಕರ್ತವ್ಯದ ಪಟ್ಟಿ, ಇದನ್ನೆಲ್ಲ ನಡೆಸೋದಕ್ಕೆ ದುಡ್ಡಿನ ದಾರಿ. ಈ ನಾಲ್ಕೂ ಬ್ಯಾನಿ ಇಲ್ಲದ ದಿನಗಳಲ್ಲಿ ಆಗಬೇಕಾದ ಕೆಲಸಗಳು.

ಚರ್ಚೆಯಿಂದ

ಪ್ರಶ್ನೆ (ಒಬ್ಬ ಸಹಪಾಠಿ): ಮನೆ ಮನೆಯ ಪಟ್ಟಿ ಅಂದರೆ ನಿಗಾ ಇಡೋದೂ ಹೌದಲ್ಲ? ರ‍್ಯಾಂಡ್ ಕಾಲದ ಸೈನಿಕರ ಹತ್ತಿರವೂ ಪಟ್ಟಿ ಇತ್ತು.

ಉತ್ತರ: ಹೌದು, ಪಟ್ಟಿ ಎರಡು ಅಲಗಿನ ಕತ್ತಿ. ವ್ಯತ್ಯಾಸ ಇರೋದು ಪಟ್ಟಿ ಹಿಡಿದವರಿಗೂ ಪಟ್ಟಿಯಲ್ಲಿ ಇರೋರಿಗೂ ನಡುವಿನ ಸಂಬಂಧದಲ್ಲಿ. ಗುರ್ಕಾರ್ ಅದೇ ವಾಡೊದಲ್ಲಿ ಬದುಕ್ತಾರೆ, ನಾಳೆ ಅವರ ಮನೆಯಲ್ಲೂ ಸಾವಾಗ್ತದೆ. ಸೈನಿಕ ಹೊರಗಿನಿಂದ ಬಂದು ಹೋಗ್ತಾನೆ. ಪಟ್ಟಿ ಹಿಡಿದವರನ್ನು ನಾವು ತಿರುಗಿ ಪ್ರಶ್ನೆ ಕೇಳೋದಕ್ಕೆ ಆಗಬೇಕು. ಅದಿಲ್ಲದ ಕಡೆ ನಿಮ್ಮ ಭಯ ಸರಿಯಾದದ್ದೇ.

ಪ್ರಶ್ನೆ (ಅಧ್ಯಾಪಕರೊಬ್ಬರು): ‘ಸಂಸ್ಕಾರ’ದ ಜೊತೆ ಹೋಲಿಸಿದ್ದು ಸ್ವಲ್ಪ ಅವಸರ ಆಯಿತಲ್ಲವೇ? ಅಲ್ಲಿನ ಸಮಸ್ಯೆ ನಾರಣಪ್ಪನ ನಡತೆ, ಪ್ಲೇಗಲ್ಲ.

ಉತ್ತರ: ಅಗ್ರಹಾರದವರು ಅಂದುಕೊಂಡದ್ದು ಹಾಗೆ ಸರ್. ಅವರು ನಡತೆಯ ಬಗ್ಗೆ ವಾದ ಮಾಡ್ತಿರುವಾಗ ಪ್ಲೇಗು ಒಳಗೆ ಬಂದಿತ್ತು. ಓದುಗರಿಗೆ ಬಿದ್ದ ಇಲಿ ಕಾಣ್ತದೆ, ಪಾತ್ರಗಳು ಅದರ ಅರ್ಥವನ್ನು ಗ್ರಂಥದಲ್ಲಿ ಹುಡುಕ್ತಾರೆ. 2020ರಲ್ಲಿ ಯಾರಿಂದ ರೋಗ ಬಂತು, ಯಾವ ಧರ್ಮದವರಿಂದ ಹಬ್ಬಿತು ಅಂತ ನಾವು ಟಿವಿಯಲ್ಲಿ ವಾದ ಮಾಡಿದ್ದೂ ಇದೇ ರೀತಿ. ಸತ್ತವರ ನಡತೆಯ ವಿಚಾರಣೆ ಮುಗಿಯೋವರೆಗೆ ಹೆಣ ಕಾಯೋದಿಲ್ಲ.

ಪ್ರಶ್ನೆ (ಒಬ್ಬ ಸಹಪಾಠಿ): ನಿಮ್ಮ ಊರ ಕಡೆ ಇವತ್ತೇ ಏನು ಮಾಡಬಹುದು?

ಉತ್ತರ: ನಮ್ಮಂಥ ವಿದ್ಯಾರ್ಥಿಗಳಿಗೆ ಒಂದು ಕೆಲಸ ಇದೆ. ಮರಾಠಿಯಲ್ಲಿ ಬರುವ ಆರೋಗ್ಯದ ಸೂಚನೆಗಳನ್ನು ನಮ್ಮ ಕಡೆಯ ಕನ್ನಡಕ್ಕೆ, ಪುಸ್ತಕದ ಕನ್ನಡಕ್ಕಲ್ಲ, ಮಾಡಿ ಆಶಾ ಅಕ್ಕಂದಿರ ಕೈಗೆ ಕೊಡೋದು. ಅದಕ್ಕೆ ಬ್ಯಾನಿ ಬರಲಿ ಅಂತ ಕಾಯಬೇಕಾಗಿಲ್ಲ.